ಕರ್ತೃಪದವಿಲ್ಲದ ಮನೆಗಳು

ಮನೆ ನೋಡಲು ಹೋದವರು ಮನೆಯ ಲೆಕ್ಕ ಕೇಳಬಾರದು ಎಂಬುದು ನಮ್ಮಲ್ಲಿ ಹಳೆಯ ಸಭ್ಯತೆ. ಗೃಹಪ್ರವೇಶಕ್ಕೆ ಹೋದವನು ಹೋಳಿಗೆ ತಿಂದು, ಬಾಗಿಲವಾಡವನ್ನು ಹೊಗಳಿ, ಎಲೆ ಅಡಿಕೆ ಹಾಕಿಕೊಂಡು ಬರಬೇಕೇ ಹೊರತು "ಇಷ್ಟು ದುಡ್ಡು ಎಲ್ಲಿಂದ ಬಂತು ಮಾರಾಯ್ರೆ?" ಎಂದು ಕೇಳುವುದು ತರವಲ್ಲ. ಬದುಕಿರುವವರ ಮನೆಯ ಮಟ್ಟಿಗೆ ಈ ನಿಯಮವನ್ನು ನಾನೂ ಪಾಲಿಸುತ್ತೇನೆ. ಆದರೆ ಟಿಕೇಟು ಕೊಟ್ಟು ನೋಡುವ ಮನೆಗೂ ಇದೇ ನಿಯಮ ಎಂದರೆ ನನ್ನ ತಕರಾರಿದೆ. ಅಲ್ಲಿ ನಾನು ನೆಂಟನಲ್ಲ. ಹೋಳಿಗೆಯನ್ನೂ ಯಾರೂ ಬಡಿಸುವುದಿಲ್ಲ. ಚಹಾ ಬೇಕಾದರೆ ಅದಕ್ಕೆ ಬೇರೆ ದುಡ್ಡು.

ಬ್ರಿಟನ್ನಿನ ವೇಲ್ಸ್ ಸೀಮೆಯ ಪೂರ್ವದ ಅಂಚಿನಲ್ಲಿ ವೆಲ್ಷ್‌ಪೂಲ್ ಎಂಬ ಪುಟ್ಟ ಪೇಟೆಯಿದೆ. ಅದರ ಹೊರಗೆ ಕುರಿ ಸಾಕುವ ಒಂದು ಕುಟುಂಬ ತನ್ನ ತೋಟದ ಮನೆಯಲ್ಲಿ ಅತಿಥಿಗಳಿಗೆಂದು ಎರಡು ಕೋಣೆಗಳನ್ನು ಇಟ್ಟುಕೊಂಡಿತ್ತು. ನಾನು ಅಲ್ಲಿ ಐದು ದಿನ ಉಳಿದಿದ್ದೆ. ಬೆಳಗಿನ ತಿಂಡಿಯ ಮೇಜಿನ ಮೇಲೆ ಜಾಮಿನ ಶೀಶೆಗಳ ಪಕ್ಕದಲ್ಲೇ ಸುತ್ತಮುತ್ತಲ ಕೋಟೆ, ಬಂಗಲೆಗಳ ಬಣ್ಣದ ಕರಪತ್ರಗಳನ್ನು ಜೋಡಿಸಿಟ್ಟಿದ್ದರು. ಪೋವಿಸ್ ಕೋಟೆ ಕೂಗಳತೆಯಲ್ಲಿ. ಉತ್ತರಕ್ಕೆ ಹೊರಟರೆ ಚರ್ಕ್ ಕೋಟೆ, ಅದರಾಚೆ ಎರ್ದಿಗ್ ಬಂಗಲೆ. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ಶ್ರೂಸ್‌ಬರಿ ಪೇಟೆ, ತೆಂಕಣಕ್ಕೆ ಸ್ಟೋಕ್‌ಸೇ. ಎಲ್ಲವೂ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಮನೆಯೊಡತಿ ಒಳ್ಳೆಯ ಹೆಂಗಸು. ಯಾವ ಕೋಟೆಯಲ್ಲಿ ಯಾವ ಹೂವು ಈಗ ಅರಳಿದೆ, ಎಲ್ಲಿಯ ಕೇಕು ತಿನ್ನಲು ಯೋಗ್ಯ ಎಂಬುದೆಲ್ಲ ಆಕೆಗೆ ಬಾಯಿಪಾಠ. ಯಾವ ಕೋಟೆ ಯಾರ ದುಡ್ಡಿನಲ್ಲಿ ನಿಂತಿದೆ ಎಂಬುದನ್ನು ಮಾತ್ರ ಆಕೆಯೂ ಹೇಳಲಿಲ್ಲ, ಆ ಕರಪತ್ರಗಳೂ ಹೇಳಲಿಲ್ಲ.

ಪೋವಿಸ್ ಚೆಲುವಾಗಿದೆ. ಜಗಳ ಕಾಯಲು ಹೋದವನು ಎದುರಾಳಿಯ ರೂಪವನ್ನು ಒಪ್ಪಿಕೊಂಡೇ ಜಗಳ ಶುರು ಮಾಡಬೇಕು, ಇಲ್ಲದಿದ್ದರೆ ಹೊಟ್ಟೆಯುರಿ ಎನ್ನುತ್ತಾರೆ. ಹದಿಮೂರನೆಯ ಶತಮಾನದಲ್ಲಿ ವೇಲ್ಸಿನ ರಾಜಕುಮಾರನೊಬ್ಬ ಕಟ್ಟಿಸತೊಡಗಿದ ಕೆಂಪುಕಲ್ಲಿನ ಕೋಟೆ ಅದು. ವೇಲ್ಸಿನವರು ತಮ್ಮ ನುಡಿಯಲ್ಲಿ ಅದನ್ನು 'ಕಾಸ್ಟೆಲ್ ಕೋಖ್' ಎನ್ನುತ್ತಾರೆ, ಅಂದರೆ ಕೆಂಪು ಕೋಟೆ. ದಿಲ್ಲಿಯದೊಂದೇ ಕೆಂಪು ಕೋಟೆ ಎಂದುಕೊಂಡಿದ್ದ ನನಗೆ ಇದು ತಮಾಷೆಯಾಗಿ ಕಂಡಿತು. ಕೋಟೆಯ ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೋಡದ ಮುದ್ದೆಗಳಂತೆ ಕತ್ತರಿಸಿದ ಮುನ್ನೂರು ವರ್ಷದ ಯೂ ಮರಗಳು, ಸೀಸದ ಗೊಂಬೆಗಳು, ಅವುಗಳ ನಡುವೆ ತಾವೇ ಯಜಮಾನರೆಂಬಂತೆ ಅಡ್ಡಾಡುವ ನವಿಲುಗಳು. ನವಿಲೂ ನಮ್ಮ ಕಡೆಯದೇ, ಇರಲಿ.

ಒಳಗೆ ಕ್ಲೈವ್ ಹೆಸರಿನ ಕೋಣೆಯಿದೆ. 1987ರಲ್ಲಿ ಅದನ್ನು ಮ್ಯೂಸಿಯಮ್ಮಾಗಿ ತೆರೆದರು. ಬಂಗಾಳವನ್ನು ಕಂಪನಿಯ ಬಗಲಿಗೆ ಹಾಕಿದ ರಾಬರ್ಟ್ ಕ್ಲೈವ್ ಮತ್ತು ಅವನ ಮಗ ಎಡ್ವರ್ಡ್ ಕ್ಲೈವ್ ತಂದ ಸಾಮಾನುಗಳು ಅಲ್ಲಿವೆ. ದಂತದ ಕೆತ್ತನೆ, ಬೆಳ್ಳಿಯ ಹುಕ್ಕಾ, ಕಠಾರಿ, ಕತ್ತಿ, ದೇವರ ವಿಗ್ರಹಗಳು, ಪ್ಲಾಸಿಯ ರಣರಂಗದಲ್ಲಿ ಸಿರಾಜುದ್ದೌಲ ಬಿಟ್ಟು ಓಡಿದ್ದೆಂದು ಹೇಳುವ ಒಂದು ಪಲ್ಲಕ್ಕಿ. ಮೈಸೂರಿನವನ ಕಣ್ಣು ನಿಲ್ಲುವುದು ಬೇರೆ ಕಡೆ. ಟಿಪ್ಪುವಿನ ಸಿಂಹಾಸನದ ಕಟಕಟೆಯ ಮೇಲಿದ್ದ, ರತ್ನ ಕೂರಿಸಿದ ಚಿನ್ನದ ಹುಲಿತಲೆಗಳಲ್ಲಿ ಒಂದು ಅಲ್ಲಿದೆ. ಹೂಬಳ್ಳಿಗಳನ್ನು ಅಚ್ಚೊತ್ತಿದ ಅರಿವೆಯ ಅವನ ಡೇರೆಯೂ ಈ ಮನೆಯದೇ. ಡೇರೆ ಎಂದರೆ ಜಾತ್ರೆಯ ಗುಡಾರವೆಂದುಕೊಳ್ಳಬೇಡಿ. ಅದು ಬಟ್ಟೆಯಲ್ಲಿ ಬಿಡಿಸಿದ ಒಂದು ತೋಟ, ಒಳಗೆ ಕುಳಿತವನಿಗೆ ನಾಲ್ಕೂ ಕಡೆ ಹೂ ಕಾಣಬೇಕು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಭಾರತದ ಬಟ್ಟೆಗಳ ದೊಡ್ಡ ಪ್ರದರ್ಶನ ನಡೆಸಿದಾಗ ಇದನ್ನು ಅಲ್ಲಿಗೆ ಒಯ್ದು ನಿಲ್ಲಿಸಿದ್ದರು. ಪೋವಿಸ್‌ನ ಯಜಮಾನರು ಒಂದು ಕಾಲದಲ್ಲಿ ಅದನ್ನು ತಮ್ಮ ತೋಟದ ಔತಣಗಳಿಗೆ ಚಪ್ಪರ ಮಾಡಿಕೊಂಡಿದ್ದರು.

ಆ ಕೋಣೆಯಲ್ಲಿ ನನಗೇನೂ ಕಣ್ಣೀರು ಬರಲಿಲ್ಲ. ಸುಲ್ತಾನರ ಸಾಮಾನು ಕಂಡು ಅಳುವ ವಂಶದಲ್ಲಿ ನಾನು ಹುಟ್ಟಿಲ್ಲ. ನನ್ನನ್ನು ಕೆಣಕಿದ್ದು ಒಂದು ಶಬ್ದ: ಸಂಗ್ರಹ. ಕ್ಲೈವ್ ಸಂಗ್ರಹ. ಇಂಥ ಮನೆಗಳ ಕೈಪಿಡಿಗಳಲ್ಲಿ, ಸ್ವಯಂಸೇವಕರ ಬಾಯಲ್ಲಿ, ಅಂಗಡಿಯಲ್ಲಿ ಮಾರುವ ಪುಸ್ತಕಗಳಲ್ಲಿ ಈ ಮಾತು ಎಷ್ಟು ನಯವಾಗಿ ಓಡಾಡುತ್ತದೆಂದರೆ ಚಿಪ್ಪು ಆರಿಸುವ ಮಕ್ಕಳೂ, ಅಂಚೆಚೀಟಿ ಕೂಡಿಡುವ ಮಾಸ್ತರರೂ, ಕ್ಲೈವನೂ ಒಂದೇ ಹವ್ಯಾಸದವರು ಅನ್ನಿಸಬೇಕು. ಜೊತೆಗೆ ಇಂಗ್ಲಿಷಿನ ಕರ್ಮಣಿ ಪ್ರಯೋಗ. ಪಡೆಯಲ್ಪಟ್ಟಿತು, ತರಲ್ಪಟ್ಟಿತು, ಈ ಮನೆಗೆ ಸೇರಲ್ಪಟ್ಟಿತು. ಕನ್ನಡದ ಬಾಯಿಗೆ ಈ 'ಪಟ್ಟಿತು' ಒಗ್ಗುವುದಿಲ್ಲ. ನಮ್ಮಲ್ಲಿ ಅದನ್ನು ಬಳಸುವವರು ಕಚೇರಿಯ ಗುಮಾಸ್ತರು, ಅದೂ ತಪ್ಪು ಯಾರದ್ದೆಂದು ಹೇಳಬಾರದಾದಾಗ. ಹಳ್ಳಿಯಲ್ಲಿ "ಕೋಳಿ ಕದಿಯಲ್ಪಟ್ಟಿತು" ಎಂದು ಯಾರೂ ಅನ್ನುವುದಿಲ್ಲ. ಯಾರು ಕದ್ದರೆಂದು ತಿಳಿಯದಿದ್ದರೂ "ಯಾರೋ ಕದ್ದರು" ಎನ್ನುತ್ತಾರೆ. ಆ 'ಯಾರೋ' ಎಂಬ ಪದಕ್ಕಾದರೂ ವಾಕ್ಯದಲ್ಲಿ ಒಂದು ಮಣೆ ಉಂಟು.

ಕರ್ತೃಪದ ಹಾಕಿ ಹೇಳಿದರೆ ಸಂಗತಿ ಹೀಗಿದೆ. 1757ರಲ್ಲಿ ಪ್ಲಾಸಿಯ ಕದನವಾದ ಮೇಲೆ, ತಾನೇ ಗದ್ದುಗೆಗೇರಿಸಿದ ಮೀರ್ ಜಾಫರನಿಂದ ರಾಬರ್ಟ್ ಕ್ಲೈವ್ 2,34,000 ಪೌಂಡ್ ಪಡೆದ. ಅದು ಸಾಲದೆಂಬಂತೆ ವರ್ಷಕ್ಕೆ 27,000 ಪೌಂಡ್ ಹುಟ್ಟುವಳಿಯ ಜಹಗೀರನ್ನೂ ಗಿಟ್ಟಿಸಿಕೊಂಡ. ಇವನ ಮಗ ಎಡ್ವರ್ಡ್ 1784ರಲ್ಲಿ ಪೋವಿಸ್‌ನ ಹೆನ್ರಿಯೆಟಾ ಹರ್ಬರ್ಟಳನ್ನು ಮದುವೆಯಾದ. ಹರ್ಬರ್ಟರ ಬಳಿ ಮನೆತನವಿತ್ತು, ಕೋಟೆಯಿತ್ತು, ಬೇಕಾದಷ್ಟು ಸಾಲವೂ ಇತ್ತು. ಕ್ಲೈವರ ಬಳಿ ದುಡ್ಡಿತ್ತು. ಜಾತಕ ಕೂಡುವುದಕ್ಕೆ ಇನ್ನೇನು ಬೇಕು? ಎಡ್ವರ್ಡ್ 1798ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಸಿಪಾಯಿಗಳು ಊರನ್ನು ದೋಚಿದರು. ಆಮೇಲೆ ಅಧಿಕಾರಿಗಳು ಕ್ರಮಬದ್ಧವಾಗಿ ದೋಚಿದರು. ಈ ಎರಡನೆಯದಕ್ಕೆ ಪ್ರೈಜ್ ಎಂದು ಹೆಸರು. ಅದಕ್ಕೆಂದೇ ನೇಮಿಸಿದ ಏಜೆಂಟರು ಅರಮನೆಯ ಒಡವೆ ವಸ್ತುಗಳಿಗೆ ಬೆಲೆ ಕಟ್ಟಿ, ಸೇನಾಪತಿಗೆ ಇಷ್ಟು, ಕ್ಯಾಪ್ಟನ್ನಿಗೆ ಇಷ್ಟು, ಸಿಪಾಯಿಗೆ ಇಷ್ಟು ಎಂದು ಹಂಚಿದರು. ಸಿಂಹಾಸನವನ್ನು ಇಡಿಯಾಗಿ ಹಂಚಲಾಗದು. ಆದ್ದರಿಂದ ಒಡೆದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದು ತಿಳಿದಾಗ ಬೇಸರವಾಯಿತು. ಬೇಸರ ಒಡೆದದ್ದಕ್ಕೆ ಮಾತ್ರ, ಕಿತ್ತುಕೊಂಡದ್ದಕ್ಕಲ್ಲ. ಇಡಿಯಾಗಿದ್ದಿದ್ದರೆ ತಮ್ಮ ದೊರೆಗೆ ಕಳಿಸಬಹುದಿತ್ತಲ್ಲ. ಪೀಠದ ದೊಡ್ಡ ಹುಲಿತಲೆಯೂ ಛತ್ರಿಯ ಮೇಲಿನ ಹುಮಾ ಹಕ್ಕಿಯೂ ಕೊನೆಗೆ ದೊರೆಯ ಮನೆಗೇ ಹೋದವು. ಚಿಕ್ಕ ತಲೆಗಳು ಚೆಲ್ಲಾಪಿಲ್ಲಿಯಾದವು. ಅಂಥ ಒಂದು ತಲೆಯನ್ನು ದೇಶದ ಹೊರಗೆ ಒಯ್ಯದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. 15 ಲಕ್ಷ ಪೌಂಡ್ ಬೆಲೆಯ ಆ ವಸ್ತು ಬ್ರಿಟನ್ನಿನ ಇತಿಹಾಸಕ್ಕೆ ಮಹತ್ವದ್ದು, ಹೊರಗೆ ಹೋಗಬಾರದು ಎಂಬುದು ಕಾರಣ. ಇದನ್ನು ಓದಿದ ದಿನ ನಾನು ನಕ್ಕಷ್ಟು ಯಾವ ಹಾಸ್ಯಗೋಷ್ಠಿಯಲ್ಲೂ ನಕ್ಕಿಲ್ಲ.

ಎಡ್ವರ್ಡ್‌ನಿಗಿಂತ ಅವನ ಹೆಂಡತಿ ಹೆನ್ರಿಯೆಟಾ ನನಗೆ ಹೆಚ್ಚು ಮುಖ್ಯಳಾಗಿ ಕಾಣುತ್ತಾಳೆ. ಜಾಣೆ. ಪಾರಸಿ ಕಲಿತಳು, ಗಿಡ, ಕಲ್ಲು, ಖನಿಜಗಳಲ್ಲಿ ಆಸಕ್ತಿಯಿತ್ತು. 1800ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಗಾರ್ತಿಯನ್ನೂ ಕಟ್ಟಿಕೊಂಡು, ಆನೆ, ಎತ್ತು, ಪಲ್ಲಕ್ಕಿಗಳ ದಂಡಿನೊಡನೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ನೋಡಿದಳು. ಗಂಡ ಮದರಾಸಿನಲ್ಲೇ ಉಳಿದ. ಅಂದರೆ ಈಕೆ ಬಂದದ್ದು ದಂಡೆತ್ತಿ ಅಲ್ಲ, ಹಳೆಯ ಮನೆಗಳನ್ನೂ ಕೋಟೆಗಳನ್ನೂ ನೋಡುವುದಕ್ಕೆ. ನನ್ನ ಹಾಗೆಯೇ. ಟಿಪ್ಪು ಸತ್ತು ವರ್ಷ ತುಂಬುವ ಹೊತ್ತಿಗೆ ಅವನ ಮನೆಯನ್ನು ಆಕೆ ನೋಡಿದಳು, ಇನ್ನೂರು ವರ್ಷ ಕಳೆದ ಮೇಲೆ ಆಕೆಯ ಮನೆಯನ್ನು ನಾನು ನೋಡಿದೆ. ಒಂದೇ ಅಂತರ: ನಾನು ಹೊರಬಂದಾಗ ನನ್ನ ಕೈಯಲ್ಲಿದ್ದದ್ದು ಟಿಕೇಟಿನ ಚೂರು. ಆ ಯಾತ್ರೆಯಲ್ಲಿ ಜೊತೆಗಿದ್ದ ಕಿರಿಯ ಮಗಳು ಷಾರ್ಲಟ್ ಮುಂದೆ ನಾರ್ತಂಬರ್‌ಲೆಂಡಿನ ಡಚೆಸ್ ಆದಳು, ಇನ್ನೂ ಪಟ್ಟಕ್ಕೇರದ ವಿಕ್ಟೋರಿಯಾಳಿಗೆ ಗವರ್ನೆಸ್ ಆದಳು. ಬೆಂಗಳೂರಿನ ಮನೆಗಳ ಕುಂಡಗಳಲ್ಲಿ ಕಿತ್ತಳೆ ಬಣ್ಣದ ಗೊಂಚಲು ಹೂ ಬಿಡುವ ಕ್ಲೈವಿಯಾ ಎಂಬ ಗಿಡಕ್ಕೆ 1828ರಲ್ಲಿ ಹೆಸರಿಟ್ಟದ್ದು ಇವಳ ನೆನಪಿಗೆ. ಗಿಡ ಮಾತ್ರ ದಕ್ಷಿಣ ಆಫ್ರಿಕಾದ್ದು. ಆ ಗಿಡಕ್ಕೆ ಅಲ್ಲಿಯವರು ಏನೆಂದು ಕರೆಯುತ್ತಿದ್ದರೋ, ಅದನ್ನು ಯಾರೂ ಕುಂಡದ ಮೇಲೆ ಬರೆಯುವುದಿಲ್ಲ.

ಈ ಮನೆಗಳಲ್ಲಿ ಹೆಚ್ಚಿನವನ್ನು ಈಗ ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ. 1895ರಲ್ಲಿ ಹುಟ್ಟಿದ್ದು, 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಪೋವಿಸ್ 1952ರಲ್ಲಿ ಇವರ ಕೈಗೆ ಬಂತು. 2020ರ ಸೆಪ್ಟೆಂಬರಿನಲ್ಲಿ ಈ ಟ್ರಸ್ಟು ಒಂದು ವರದಿ ಹೊರತಂದು, ತನ್ನ ಸುಪರ್ದಿಯ ಮನೆಗಳಲ್ಲಿ 93ಕ್ಕೆ ವಸಾಹತುಗಳೊಂದಿಗೋ ಗುಲಾಮಗಿರಿಯೊಂದಿಗೋ ನಂಟಿದೆ ಎಂದು ಪಟ್ಟಿ ಕೊಟ್ಟಿತು. ಮನೆಗಳನ್ನು ಕೆಡವಿ ಎಂದಲ್ಲ, ಮುಚ್ಚಿ ಎಂದೂ ಅಲ್ಲ, ನಂಟಿದೆ ಎಂದಷ್ಟೇ. ಅಷ್ಟಕ್ಕೇ ಗುಲ್ಲೆದ್ದಿತು. ಚರ್ಚಿಲ್ಲನ ಮನೆ ಚಾರ್ಟ್‌ವೆಲ್ ಆ ಪಟ್ಟಿಯಲ್ಲಿದ್ದದ್ದು ಉರಿಗೆ ತುಪ್ಪವಾಯಿತು. ಕನ್ಸರ್ವೇಟಿವ್ ಪಕ್ಷದ ಹಲವು ಸಂಸದರು ಪತ್ರಿಕೆಗೆ ಪತ್ರ ಬರೆದರು. ದತ್ತಿ ಆಯೋಗಕ್ಕೆ ದೂರುಗಳು ಹೋದವು. 2021ರ ಮಾರ್ಚಿನಲ್ಲಿ ಆಯೋಗ, ಟ್ರಸ್ಟು ಕಾನೂನು ಮೀರಿಲ್ಲ ಎಂದು ಹೇಳಿತು. ಆದರೂ ಅದೇ ವರ್ಷ 'ಟ್ರಸ್ಟನ್ನು ಮೊದಲಿನಂತೆ ಮಾಡುತ್ತೇವೆ' ಎನ್ನುವವರ ಗುಂಪೊಂದು ಹುಟ್ಟಿಕೊಂಡಿತು.

ಅವರ ವಾದ ನನಗೆ ಅರ್ಥವಾಗದ್ದೇನಲ್ಲ. ಜನ ವಾರವಿಡೀ ದುಡಿದು ಭಾನುವಾರ ಮಕ್ಕಳೊಡನೆ ತೋಟ ನೋಡಲು ಬರುತ್ತಾರೆ, ಅವರಿಗೆ ಗುಲಾಮರ ಹಡಗಿನ ಪಾಠ ಮಾಡಬೇಡಿ, ಸುಂದರವಾದದ್ದನ್ನು ಸುಂದರವಾಗಿಯೇ ಇರಲು ಬಿಡಿ ಎನ್ನುತ್ತಾರೆ. ಕೇಳಲು ಹಿತವಾಗಿಯೇ ಇದೆ. ಆದರೆ ಇದೇ ಮನೆಗಳಲ್ಲಿ ಅವರು ಬೇರೆ ಎಲ್ಲ ಲೆಕ್ಕವನ್ನೂ ಹೇಳುತ್ತಾರೆ. ಮೇಜು ಮಾಡಿದ ಬಡಗಿ ಯಾರು, ಚಿತ್ರ ಬರೆದವನಿಗೆ ಎಷ್ಟು ಸಂದಿತು, ಪಿಂಗಾಣಿ ಯಾವ ವರ್ಷದ್ದು, ಪರದೆಯ ಬಟ್ಟೆ ಯಾವ ಊರಿನದು, ಎಲ್ಲ. ಯಜಮಾನನ ಅಜ್ಜಿಯ ಹಲ್ಲುನೋವಿನ ಕತೆಯನ್ನೂ ಕೇಳಿಸಿಕೊಳ್ಳಬೇಕು. ಹೀಗೆ ಎಲ್ಲವನ್ನೂ ಹೇಳಿ, ಹಣದ ಮೂಲಕ್ಕೆ ಬಂದಾಗ ಮಾತ್ರ "ಅದು ರಾಜಕೀಯ" ಎನ್ನುವುದಾದರೆ ರಾಜಕೀಯ ಮಾಡುತ್ತಿರುವವರು ಯಾರು? ಮುಚ್ಚುಮರೆಯೂ ಒಂದು ನಿರೂಪಣೆಯೇ. ಮಕ್ಕಳ ಭಾನುವಾರ ಕೆಡುತ್ತದೆ ಎಂಬುದಂತೂ ಹುರುಳಿಲ್ಲದ ಮಾತು. ತಲೆ ಕಡಿದದ್ದು, ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದು ಎಂದರೆ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತವೆ. ಇಂಗ್ಲಿಷ್ ರಾಜರು ಹೆಂಡಂದಿರ ತಲೆ ಕಡಿಸಿದ ಕತೆಯನ್ನು ಕೋಟೆಕೋಟೆಗಳಲ್ಲಿ ಐಸ್‌ಕ್ರೀಮಿನ ಜೊತೆ ಮಾರುತ್ತಾರಲ್ಲ.

ಮಾಡಿದರೆ ಹೇಗೆ ಮಾಡಬಹುದು ಎಂಬುದಕ್ಕೆ ಎರ್ದಿಗ್ ಇದೆ. ಪೋವಿಸ್ ನೋಡಿದ ಮೂರನೆಯ ದಿನ ಅಲ್ಲಿಗೆ ಹೋದೆ. ದಾರಿಯ ಚರ್ಕ್ ಕೋಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದನ್ನು 1595ರಲ್ಲಿ ಕೊಂಡ ಥಾಮಸ್ ಮಿಡಲ್ಟನ್ ಈಸ್ಟ್ ಇಂಡಿಯಾ ಕಂಪನಿಗೆ ಮೊದಲು ದುಡ್ಡು ಹಾಕಿದವರಲ್ಲಿ ಒಬ್ಬ ಎಂಬುದನ್ನು ಮಾತ್ರ ಬರೆದುಕೊಂಡೆ. ಎರ್ದಿಗ್ಗನ್ನು 1680ರ ದಶಕದಲ್ಲಿ ಕಟ್ಟಿಸಿದ ಜೋಶುವಾ ಎಡಿಸ್ಬರಿ ಸಾಲ ಮಾಡಿ ದಿವಾಳಿಯಾದ. ಸಾಲ ಕೊಟ್ಟವರಲ್ಲಿ ಅದೇ ಸೀಮೆಯ ನಂಟಿದ್ದ, ಮದರಾಸಿನ ಗವರ್ನರನಾಗಿದ್ದ ಎಲಿಹು ಯೇಲ್ ಕೂಡ ಒಬ್ಬ. ಅಮೆರಿಕದ ಯೂನಿವರ್ಸಿಟಿಗೆ ಹೆಸರು ಕೊಟ್ಟ ಅದೇ ಯೇಲ್. ಈ ಸೀಮೆಯಲ್ಲಿ ಯಾವ ಕಲ್ಲೆತ್ತಿದರೂ ಅಡಿಯಲ್ಲಿ ಒಬ್ಬ ಮದರಾಸ್ ಗವರ್ನರ್ ಇರುತ್ತಾನೆ.

ಎರ್ದಿಗ್‌ನ ವಿಶೇಷ ಅದಲ್ಲ. ಆಮೇಲೆ ಅಲ್ಲಿಗೆ ಬಂದ ಯಾರ್ಕ್ ಮನೆತನದವರಿಗೆ ಒಂದು ವಿಚಿತ್ರ ಚಾಳಿಯಿತ್ತು. ಆಳುಕಾಳುಗಳ ಚಿತ್ರ ಬರೆಸಿ, ಒಬ್ಬೊಬ್ಬರ ಮೇಲೂ ಪದ್ಯ ಕಟ್ಟಿ ಗೋಡೆಗೆ ತೂಗುಹಾಕುತ್ತಿದ್ದರು. ಕಮ್ಮಾರ, ಬಡಗಿ, ತೋಟಗಾರ, ಅಡುಗೆಯವಳು, ಮನೆಗೆಲಸದವಳು, ಮುಂದೆ ಕ್ಯಾಮರಾ ಬಂದಾಗ ಅವರ ಫೋಟೋಗಳೂ. ಪದ್ಯ ಅಷ್ಟಕ್ಕಷ್ಟೆ. ಕೊನೆಯ ಯಜಮಾನ 1973ರಲ್ಲಿ ಮನೆಯನ್ನು ಟ್ರಸ್ಟಿಗೆ ಬಿಟ್ಟುಕೊಟ್ಟ. ಅಷ್ಟು ಹೊತ್ತಿಗೆ ಕೆಳಗಿನ ಕಲ್ಲಿದ್ದಲ ಗಣಿಯಿಂದಾಗಿ ಮನೆ ಕುಸಿಯುತ್ತಿತ್ತು. ರಿಪೇರಿ ಮಾಡಿ 1977ರಲ್ಲಿ ತೆರೆದಾಗ ಟ್ರಸ್ಟಿನವರು ಒಂದು ಜಾಣತನ ಮಾಡಿದರು. ನೋಡಲು ಬಂದವರನ್ನು ಮುಂಬಾಗಿಲಿನಿಂದ ಒಳಗೆ ಬಿಡದೆ ಹಿತ್ತಿಲ ಕಡೆಯಿಂದ, ಬಡಗಿಯ ಕೊಟ್ಟಿಗೆ, ಕುದುರೆ ಲಾಯ, ಬಟ್ಟೆ ಒಗೆಯುವ ಮನೆ, ಅಡುಗೆ ಮನೆಗಳ ಮೂಲಕ ಕರೆದೊಯ್ದರು. ದಿವಾನಖಾನೆಗೆ ಬರುವ ಹೊತ್ತಿಗೆ ಅಲ್ಲಿನ ಬಿಳಿ ಮೇಜುವಸ್ತ್ರ ಒಗೆದ ಹಂಡೆ ಯಾವುದೆಂದು ಗೊತ್ತಾಗಿರುತ್ತದೆ. ಯಾರ ಭಾನುವಾರವೂ ಕೆಟ್ಟಂತೆ ಕಾಣಲಿಲ್ಲ. ಹಂಡೆಯ ಮುಂದೆಯೇ ಜನ ಹೆಚ್ಚು ಹೊತ್ತು ನಿಂತಿದ್ದರು.

ಆದರೆ ಆ ಗೋಡೆಯ ಮೇಲೂ ಒಂದು ಚಿತ್ರವಿದೆ. ಕೈಯಲ್ಲಿ ಕೊಂಬು ಹಿಡಿದ, ಸಾರೋಟಿನ ಜೊತೆ ಓಡುವ ಕಪ್ಪು ಹುಡುಗ. ಉಳಿದವರಿಗೆಲ್ಲ ಹೆಸರಿದೆ, ಕಸುಬಿದೆ, ಊರಿದೆ. ಇವನ ಹೆಸರು ಖಚಿತವಿಲ್ಲ. ಎಲ್ಲಿಂದ ಬಂದ, ಯಾರು ತಂದರು, ದೊಡ್ಡವನಾಗಿ ಏನಾದ, ಒಂದೂ ಇಲ್ಲ. ಆಳುಗಳ ಹೆಸರು ಬರೆದಿಡುವ ಮನೆಯಲ್ಲೇ ಹೀಗೆ. ಪೋವಿಸ್‌ನ ಚಿನ್ನದ ಹುಲಿಯ ಮುಂದೆ ಆಗದ ಸಂಕಟ ನನಗೆ ಈ ಹುಡುಗನ ಮುಂದೆ ಆಯಿತು. ಪಕ್ಕದಲ್ಲಿದ್ದ ಸ್ವಯಂಸೇವಕ ಮುದುಕರು ನನ್ನನ್ನು ಗಮನಿಸಿ, "ನಾವೂ ಹುಡುಕುತ್ತಿದ್ದೇವೆ" ಎಂದರು. ಅಷ್ಟೇ ಮಾತು. ಆ ಮನುಷ್ಯರ ಮೇಲೆ ನನಗೆ ಗೌರವ ಹುಟ್ಟಿತು.

ಈಗ ನಮ್ಮವರ ಕಡೆ ತಿರುಗಬೇಕು. ಪೋವಿಸ್‌ಗೆ ಹೋಗಿಬಂದ ಭಾರತೀಯರು, ಅದರಲ್ಲೂ ಅಲ್ಲೇ ನೆಲೆಸಿದ ನಮ್ಮ ಕನ್ನಡಿಗರು, ಕೋಣೆಯಿಂದ ಹೊರಬಂದ ಕೂಡಲೇ ಆಡುವ ಮಾತು: "ಎಲ್ಲ ನಮ್ಮದು, ವಾಪಸು ಕೊಡಬೇಕು." ನಾನೂ ಹಾಗೇ ಹೇಳುವವನೇ. ಆದರೆ 'ನಮ್ಮದು' ಎಂಬಲ್ಲಿಯೂ ಕರ್ತೃಪದ ಹಾಕಿ ನೋಡೋಣ. ಆ ಚಿನ್ನವನ್ನು ಟಿಪ್ಪು ಗೆಯ್ದು ತಂದಿರಲಿಲ್ಲ. ಅವನ ಅಮಲ್ದಾರರು ರೈತರಿಂದ ಎತ್ತಿದ ಕಂದಾಯ, ಅವನ ದಂಡು ಮಲಬಾರಿನಿಂದ ತಂದ ಸಂಪತ್ತು ಅದರಲ್ಲಿ ಸೇರಿದೆ. ಕೊಡಗಿನಿಂದ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವರ ಮಕ್ಕಳು ಮೊಮ್ಮಕ್ಕಳಿಗೆ ಆ ಹುಲಿತಲೆ 'ನಮ್ಮದು' ಅನ್ನಿಸುತ್ತದೆಯೇ? ಇದನ್ನು ಹೇಳಿದರೆ ಟಿಪ್ಪುವಿನ ಭಕ್ತರೂ ವೈರಿಗಳೂ ಒಟ್ಟಿಗೆ ಮೈಮೇಲೆ ಬರುತ್ತಾರೆ, ಬರಲಿ. ಕ್ಲೈವನಿಗೆ ಒಂದು ವ್ಯಾಕರಣ, ಸುಲ್ತಾನನಿಗೆ ಇನ್ನೊಂದು ಎಂದು ನಡೆಸಲಾಗದು.

ಇನ್ನು ಉಳಿದದ್ದನ್ನು ನಾವು ಹೇಗೆ ಇಟ್ಟುಕೊಂಡೆವು ಎಂಬುದೂ ಇದೆ. ಶ್ರೀರಂಗಪಟ್ಟಣದ ಲಾಲ್ ಮಹಲ್ ಇದ್ದ ಜಾಗದಲ್ಲಿ ಇರುವುದು ಬರೀ ತಳಪಾಯ. ಅಲ್ಲಿಯ ಅರಮನೆಯ ಮರದ ತೊಲೆಗಳನ್ನು ಬ್ರಿಟಿಷರು ಊಟಿಗೆ ಎಳೆಸಿ 1830ರ ಹೊತ್ತಿಗೆ ಸೇಂಟ್ ಸ್ಟೀಫನ್ಸ್ ಚರ್ಚು ಕಟ್ಟಿದರು. ಇದು ಅವರ ಲೆಕ್ಕ. ಆದರೆ ನಮ್ಮ ಪ್ರವಾಸಿಗರು ಇವತ್ತಿಗೂ ಊಟಿಗೆ ಹೋಗಿ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ, ತೊಲೆ ಎಲ್ಲಿಯದೆಂದು ತಲೆಯೆತ್ತಿ ಕೇಳುವುದಿಲ್ಲ.

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಈಗ ತೋಟದ ಬಂಗಲೆಗಳೆಲ್ಲ ಹೋಂಸ್ಟೇಗಳಾಗಿವೆ. ವೆಲ್ಷ್‌ಪೂಲಿನ ಆ ಮನೆಯ ಹಾಗೆಯೇ ಕರಪತ್ರ, ಜಾಮು, ಹೂಗಳ ಸುದ್ದಿ. ಅಜ್ಜನ ಕಾಲದ ಬೀಟೆ ಮರದ ಮಂಚ, ಗೋಡೆಗೆ ಬಡಿದ ಕಡವೆಯ ಕೊಂಬು, ಬಿಳಿದೊರೆ ಬಿಟ್ಟುಹೋದ ಗ್ರಾಮಫೋನು, ಎಲ್ಲಕ್ಕೂ ಕತೆಯಿದೆ. ಉಳುವವನಿಗೆ ಭೂಮಿ ಎಂದ 1974ರ ಭೂಸುಧಾರಣೆ ಕಾಫಿ ತೋಟದ ಗೇಟಿನ ಹೊರಗೇ ನಿಂತಿತು, ತೋಟಗಳಿಗೆ ವಿನಾಯಿತಿ ಸಿಕ್ಕಿತು ಎಂಬುದು ಆ ಕತೆಗಳಲ್ಲಿ ಬರುವುದಿಲ್ಲ. ಕಾಫಿ ಕೊಯ್ದವರ ಲೈನು ಮನೆಗಳು ಬಂಗಲೆಯ ಜಗಲಿಯಿಂದ ಕಾಣದ ಹಾಗೆ ಗುಡ್ಡದ ಆಚೆ ಬದಿಗಿರುತ್ತವೆ. ಅಂಥ ಒಂದು ಬಂಗಲೆಯಲ್ಲಿ ಉಳಿದಾಗ ಆ ಕಡೆ ನಡೆದು ಬರುತ್ತೇನೆಂದು ಹೊರಟೆ. ಯಜಮಾನರು ಬಹಳ ವಿನಯದಿಂದಲೇ ತಡೆದರು. "ಅಲ್ಲಿ ನೋಡೋಕೆ ಏನೂ ಇಲ್ಲ ಸಾರ್" ಎಂದರು.

ವಾಪಸು ಕೊಡುವ ಮಾತಿಗೆ ಬರುವುದಾದರೆ ನಾನು ಕೇಳುವುದು ಡೇರೆಯನ್ನು. ಹುಲಿತಲೆಯನ್ನಲ್ಲ. ಚಿನ್ನ ಎಲ್ಲಿದ್ದರೂ ಗಾಜಿನ ಪೆಟ್ಟಿಗೆಯೊಳಗೇ ಇರುತ್ತದೆ, ಬೆಲೆ ಹೇಳಿಸಿಕೊಳ್ಳುತ್ತಲೇ ಇರುತ್ತದೆ. ಬಟ್ಟೆಯ ಮಾತು ಬೇರೆ. ಅದರಲ್ಲಿ ನೂಲು ತೆಗೆದವರ, ನೇಯ್ದವರ, ಮರದ ಅಚ್ಚು ಕೆತ್ತಿದವರ, ಬೇರು ಕುದಿಸಿ ಬಣ್ಣ ಕಟ್ಟಿದವರ ಕೈಗಳಿವೆ. ಅವರ ಹೆಸರು ಟಿಪ್ಪುವೂ ಬರೆಸಲಿಲ್ಲ, ಕ್ಲೈವರೂ ಬರೆಸಲಿಲ್ಲ. ಲಂಡನ್ನಿಗೆ ಒಯ್ದು ನಿಲ್ಲಿಸಿದ ಡೇರೆಯನ್ನು ಒಮ್ಮೆ ಶ್ರೀರಂಗಪಟ್ಟಣಕ್ಕೂ ತರಬಹುದು. ಪೂರಾ ಕೊಡುವುದು ಆಮೇಲಿನ ಮಾತು, ಮೊದಲು ಆರು ತಿಂಗಳಿಗೆ ಕಡವಾಗಿ ಕೊಡಲಿ. ಆದರೆ ಅಂಥ ಬಟ್ಟೆಗೆ ಬಿಸಿಲು ತಾಗಬಾರದು, ತೇವ ತಾಗಬಾರದು, ಹುಳು ಹಿಡಿಯಬಾರದು. ಅದಕ್ಕೆ ತಕ್ಕ ಮಂದ ಬೆಳಕಿನ, ಒಂದೇ ಹದದ ಗಾಳಿಯ ಕೋಣೆ ಬೇಕು. ದರಿಯಾ ದೌಲತ್ತಿನಲ್ಲಿ ಪೊಲ್ಲಿಲೂರು ಕದನದ ಭಿತ್ತಿಚಿತ್ರಗಳನ್ನು ಬಿಸಿಲಿನಿಂದ ಕಾಯಲು ಪರದೆ ಇಳಿಬಿಡುತ್ತಾರಲ್ಲ, ಅಷ್ಟು ಸಾಲದು. ಅಂಥ ಕೋಣೆಯೊಂದನ್ನು ಮೊದಲು ಕಟ್ಟಿ, ಆಮೇಲೆ ವೆಲ್ಷ್‌ಪೂಲಿಗೆ ಕಾಗದ ಬರೆಯಲಿ. ಕಾಗದ ಬರೆಯುವ ಗುಮಾಸ್ತರಿಗೆ ಒಂದು ವಿನಂತಿ: "ಡೇರೆಯು ನೀಡಲ್ಪಡಬೇಕಾಗಿ ಕೋರಲಾಗಿದೆ" ಎಂದು ಮಾತ್ರ ಬರೆಯಬೇಡಿ.